ನೀರು ಕುಡಿಯದ ನೆಲ

ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ನಿಮಗೆಲ್ಲ ಗೊತ್ತು. ಮನುಷ್ಯನ ವಿಷಯದಲ್ಲಿ ಈ ಮಾತು ಎಷ್ಟು ದಿಟವೋ ನೆಲದ ವಿಷಯದಲ್ಲಿಯೂ ಅಷ್ಟೇ ದಿಟ. ಬರಿಯ ಉಪ್ಪು ಸೇರಿದ ನೆಲಕ್ಕೆ ಒಳ್ಳೆಯ ನೀರು ಕೊಟ್ಟು, ಆ ನೀರು ಬಸಿದುಹೋಗಲು ದಾರಿ ಮಾಡಿಕೊಟ್ಟರೆ ಉಪ್ಪು ತೊಳೆದುಹೋಗುವುದು. ನೆಲ ಮತ್ತೆ ಬೆಳೆ ಕೊಡುವುದು. ಆದರೆ ಇನ್ನೊಂದು ಬಗೆಯ ನೆಲವುಂಟು. ಅದರ ಮೇಲೆ ಎಷ್ಟು ನೀರು ನಿಲ್ಲಿಸಿದರೂ ಅದು ಒಳಕ್ಕೆ ಇಳಿಯುವುದಿಲ್ಲ. ನೆಲದ ಮೇಲೆ ವಾರಗಟ್ಟಲೆ ರಾಡಿ ನೀರು ನಿಂತಿರುವಾಗ ಒಂದು ಗೇಣು ಕೆಳಗೆ ಬೇರು ಬಾಯಾರಿ ಒಣಗುತ್ತಿರುವುದು. ಇದನ್ನು ಕ್ಷಾರ ಭೂಮಿ ಎನ್ನುವರು. ನಮ್ಮ ಉತ್ತರದ ಜಿಲ್ಲೆಗಳಲ್ಲಿ ಎರಡಕ್ಕೂ ಸವಳು ಎಂಬ ಒಂದೇ ಹೆಸರು ಬಳಕೆಯಲ್ಲಿದೆ. ಹೆಸರು ಒಂದಾದುದರಿಂದ ಮದ್ದೂ ಒಂದೇ ಎಂದು ತಿಳಿದು ಕೈಸುಟ್ಟುಕೊಂಡವರು ಬಹಳ ಮಂದಿ. ಆದುದರಿಂದ ಈ ಎರಡನ್ನೂ ಬೇರೆಬೇರೆಯಾಗಿ ಗುರುತಿಸುವುದು ಹೇಗೆ, ನೀರಾವರಿಯ ಹೊಳೆದಂಡೆಯ ನೆಲ ಕ್ಷಾರವಾಗುವುದು ಏತಕ್ಕೆ, ಆದಮೇಲೆ ಮಾಡತಕ್ಕದ್ದೇನು ಎಂಬ ಮೂರು ಮಾತುಗಳನ್ನು ಇಲ್ಲಿ ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ರೈತ ಬಾಂಧವರೇ, ದುಬಲಗುಂಡಿಯನ್ನು ನಡುವಿಟ್ಟುಕೊಂಡು ಹುಮನಾಬಾದ, ಬಸವಕಲ್ಯಾಣಗಳ ಸೀಮೆಯನ್ನು ಒಮ್ಮೆ ಮನಸ್ಸಿನಲ್ಲಿ ತಂದುಕೊಳ್ಳಿ. ಎತ್ತರದಲ್ಲಿ ಜಂಬಿಟ್ಟಿಗೆಯ ಕೆಂಪು ನೆಲ. ಇಳಿಜಾರಿನಲ್ಲಿ ತೆಳುವಾದ ಮಡ್ಡಿ. ತಗ್ಗಿಗೆ ಬಂದಂತೆಲ್ಲ ಆಳವಾದ ಎರೆಮಣ್ಣು. ಕಟ್ಟಕಡೆಗೆ ಹಳ್ಳ ಅಥವಾ ಹೊಳೆ. ಈ ಸೀಮೆಯ ಒಂದು ಪಾಲು ನೀರು ಕಾರಂಜಾ, ಮಾಂಜ್ರಾಗಳ ಮೂಲಕ ಗೋದಾವರಿಗೆ ಹೋಗುವುದು. ಇನ್ನೊಂದು ಪಾಲು ಮುಲ್ಲಾಮಾರಿ, ಕಾಗಿಣಾಗಳ ಮೂಲಕ ಭೀಮೆಗೂ ಕೃಷ್ಣೆಗೂ ಸೇರುವುದು. ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿ ಕಾರಂಜಾ ಜಲಾಶಯವೂ ಬಸವಕಲ್ಯಾಣ ತಾಲೂಕಿನಲ್ಲಿ ಚುಳಕಿ ನಾಲಾ ಜಲಾಶಯವೂ ಆದ ಮೇಲೆ, ಅದಕ್ಕೂ ಮಿಗಿಲಾಗಿ ಬಾವಿಗೂ ಕೊಳವೆಬಾವಿಗೂ ವಿದ್ಯುತ್ ಪಂಪು ಬಂದ ಮೇಲೆ, ಮಳೆಯನ್ನೇ ನಂಬಿ ಜೋಳ, ಕಡಲೆ, ತೊಗರಿ ಬೆಳೆಯುತ್ತಿದ್ದ ಎಷ್ಟೋ ಎರೆ ಹೊಲಗಳು ಕಬ್ಬಿನ ಗದ್ದೆಗಳಾಗಿವೆ. ನೀರು ಬಂದದ್ದು ಭಾಗ್ಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಭಾಗ್ಯಕ್ಕೊಂದು ಕರಾರು ಉಂಟು. ಅದನ್ನು ಮರೆತ ಕಡೆಗಳಲ್ಲಿ ಏನಾಯಿತೆಂಬುದನ್ನು ಮುಂದೆ ನೋಡೋಣ.

ಮೊದಲು ಹೊಳೆದಂಡೆಯ ನೆಲದ ಹುಟ್ಟನ್ನು ತಿಳಿಯಬೇಕು. ಹೊಳೆ ಸಾವಿರಾರು ವರ್ಷಗಳಿಂದ ತನ್ನ ಪಾತ್ರವನ್ನು ಕೊರೆಯುತ್ತ ಕೆಳಗೆ ಇಳಿಯುವುದು. ಹಿಂದೆ ಪ್ರವಾಹ ಬಂದಾಗ ಮಣ್ಣು ಹಾಸುತ್ತಿದ್ದ ಬಯಲು ಈಗ ಹೊಳೆಯ ಮಟ್ಟಕ್ಕಿಂತ ಮೇಲೆ ಉಳಿದು, ದಡದ ಉದ್ದಕ್ಕೂ ಅಗಲವಾದ ಮೆಟ್ಟಿಲಿನಂತೆ ಕಾಣುವುದು. ಒಂದರ ಮೇಲೊಂದು ಎರಡು ಮೂರು ಮೆಟ್ಟಿಲುಗಳಿರುವುದೂ ಉಂಟು. ನೆಲ ಸಮತಟ್ಟು, ಮಣ್ಣು ಆಳ, ನೀರು ಹತ್ತಿರ. ಇದಕ್ಕಿಂತ ಒಳ್ಳೆಯ ಹೊಲ ಎಲ್ಲಿಯದು ಎಂದು ಯಾರಾದರೂ ಅನ್ನಬೇಕು. ಹೊಳೆದಂಡೆಯ ಹೊಲಕ್ಕೆ ಮಡ್ಡಿಗಿಂತ ಹೆಚ್ಚಿನ ಬೆಲೆ ಇರುವುದು ಇದಕ್ಕಾಗಿಯೇ.

ಆದರೆ ಆ ಮಣ್ಣನ್ನು ಆಳೆತ್ತರ ಅಗೆದು ನೋಡಿದರೆ ಬೇರೆ ಸಂಗತಿ ತಿಳಿಯುವುದು. ಮೇಲೆ ಒಂದೆರಡು ಅಡಿ ಕರಿಯ ಮಣ್ಣು. ಅದರಲ್ಲಿ ನೂರಕ್ಕೆ ಐವತ್ತು ಪಾಲಿಗೂ ಮಿಕ್ಕಿ ಜೇಡಿ ಇರುವುದು ಸಾಮಾನ್ಯ. ಒಣಗಿದಾಗ ಕೈ ತೂರುವಷ್ಟು ಅಗಲವಾಗಿ ಬಿರಿಯುವುದೂ, ನೆನೆದಾಗ ಉಬ್ಬಿ ಬಿರುಕು ಮುಚ್ಚಿಕೊಳ್ಳುವುದೂ ಈ ಜೇಡಿಯ ಗುಣ. ಅದರ ಕೆಳಗೆ ಹೊಳಪುಳ್ಳ ಗಟ್ಟಿ ಮಣ್ಣು. ಇನ್ನೂ ಕೆಳಗೆ ಮಣ್ಣಿನ ನಡುನಡುವೆ ಬಿಳಿಯ ಸುಣ್ಣದ ಹರಳುಗಳು. ಈ ಹರಳುಗಳನ್ನು ನೋಡಿ, ನೆಲದಲ್ಲಿ ಸುಣ್ಣ ಬೇಕಾದಷ್ಟಿದೆ, ಚಿಂತೆಯಿಲ್ಲ ಎಂದುಕೊಳ್ಳುವರು. ವಾಸ್ತವವಾಗಿ ಚಿಂತೆ ಮಾಡಬೇಕಾದ ಗುರುತು ಅದೇ. ನಮ್ಮ ಕರಿಕಲ್ಲು ಕರಗಿ ಮಣ್ಣಾಗುವಾಗ ಅದರಿಂದ ಕ್ಯಾಲ್ಸಿಯಂ, ಸೋಡಿಯಂ ಎಂಬ ಎರಡು ಧಾತುಗಳು ನೀರಿಗೆ ಸೇರುವುವು. ಬಿಸಿಲಿಗೆ ನೀರು ಆರಿದಂತೆ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಗಟ್ಟಿಕಟ್ಟಿ ಮೂಲೆ ಸೇರುವುದು. ಸೋಡಿಯಂ ಮಾತ್ರ ನೀರಿನಲ್ಲಿಯೇ ಉಳಿದು, ಜೇಡಿಯ ಕಣಗಳಿಗೆ ಹತ್ತಿಕೊಳ್ಳುವುದು. ಎಂದರೆ ಹರಳು ಹೆಚ್ಚಿದಷ್ಟೂ ಕೆಳಗಿನ ಮಣ್ಣಿನಲ್ಲಿ ಸೋಡಿಯಂ ಪಾಲು ಹೆಚ್ಚುವ ಸಂಭವವುಂಟು. ಹೀಗೆ, ನೀರಾವರಿ ಬರುವ ಮೊದಲೇ ಕ್ಷಾರದ ಬೀಜ ನೆಲದ ಒಳಗೆ ಇರುವುದು. ಮಳೆಯಾಧಾರದ ಬೇಸಾಯದಲ್ಲಿ ಅದು ಆಳದಲ್ಲಿ ಮಲಗಿರುವುದು. ಅದನ್ನು ಎಬ್ಬಿಸುವುದು ನಾವು ಹಾಯಿಸುವ ನೀರು.

ಇದು ಹೇಗೆಂಬುದಕ್ಕೆ ಸಣ್ಣದೊಂದು ಲೆಕ್ಕ ಹಾಕೋಣ. ಒಳ್ಳೆಯದೆಂದು ಹೆಸರಾದ ಬಾವಿಯ ನೀರಿನಲ್ಲಿಯೂ ಲೀಟರಿಗೆ ಅರ್ಧ ಗ್ರಾಂ ಲವಣ ಇರುವುದು ಅಪರೂಪವಲ್ಲ. ಒಂದು ಎಕರೆಗೆ ಒಂದು ಮೀಟರ್ ಆಳದಷ್ಟು ನೀರು ಹಾಯಿಸಿದರೆ ಸುಮಾರು ೪೦ ಲಕ್ಷ ಲೀಟರ್ ಆಗುವುದು. ಅದರೊಡನೆ ಹೊಲಕ್ಕೆ ಬಂದ ಲವಣ ಸುಮಾರು ೨ ಟನ್ನು. ಕಬ್ಬಿಗೆ ಇದರ ಇಮ್ಮಡಿ ನೀರು ಹಾಯಿಸುವವರುಂಟು. ಅಲ್ಲಿಗೆ ವರ್ಷಕ್ಕೆ ೪ ಟನ್ನು. ಗಿಡ ನೀರನ್ನು ಕುಡಿಯುವುದೇ ಹೊರತು ಈ ಲವಣದಲ್ಲಿ ಬಹುಪಾಲನ್ನು ಮುಟ್ಟುವುದಿಲ್ಲ. ಬಿಸಿಲು ನೀರನ್ನು ಒಯ್ಯುವುದು, ಲವಣವನ್ನು ಬಿಟ್ಟುಹೋಗುವುದು. ಬಸಿದು ಹೊರಹೋಗಲು ದಾರಿಯಿದ್ದರೆ ಹೆಚ್ಚಿನ ನೀರು ಅದನ್ನು ತೊಳೆದುಕೊಂಡು ಹೋಗುವುದು. ಇಲ್ಲವಾದರೆ ಅದು ನಿಮ್ಮ ಹೊಲದಲ್ಲೇ ಠಾಣೆ ಹೂಡುವುದು. ಇದರ ಜೊತೆಗೆ ನೆಲದೊಳಗಿನ ನೀರಿನ ಮಟ್ಟವೂ ವರ್ಷವರ್ಷಕ್ಕೆ ಮೇಲೇರುವುದು. ಅದು ನೆಲದಿಂದ ಎರಡು ಮೀಟರಿಗಿಂತ ಹತ್ತಿರ ಬಂದಿತೆಂದರೆ, ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವಂತೆ ಮಣ್ಣು ಕೆಳಗಿನ ನೀರನ್ನು ಮೇಲಕ್ಕೆ ಎಳೆಯತೊಡಗುವುದು. ಆಗ ಆಳದಲ್ಲಿ ಮಲಗಿದ್ದ ಸೋಡಿಯಮ್ಮೂ ಬೇರಿನ ಮಟ್ಟಕ್ಕೆ ಎದ್ದುಬರುವುದು.

ಇದು ಬರಿಯ ಪುಸ್ತಕದ ಮಾತಲ್ಲ. ನಮ್ಮ ನೆರೆಯ ಮಹಾರಾಷ್ಟ್ರದಲ್ಲಿ, ಇದೇ ಕರಿಕಲ್ಲಿನ ಸೀಮೆಯಲ್ಲಿ, ನೀರಾ ನದಿಯ ಎಡದಂಡೆ ಕಾಲುವೆ ೧೮೮೫ರಲ್ಲಿ ಹರಿಯತೊಡಗಿತು. ಬರಗಾಲದ ನಾಡಿಗೆ ಕಬ್ಬು ಬಂದಿತು, ಸಿರಿ ಬಂದಿತು. ಇಪ್ಪತ್ತೈದು ವರ್ಷ ಕಳೆಯುವುದರೊಳಗಾಗಿ, ೧೯೧೦ರಲ್ಲಿ, ಹೆರಾಲ್ಡ್ ಮ್ಯಾನ್ ಮತ್ತು ತಮ್ಹಣೆ ಎಂಬ ಇಬ್ಬರು ವಿಜ್ಞಾನಿಗಳು ನೀರಾ ಕಣಿವೆಯ ಸವಳು ಭೂಮಿಗಳನ್ನೇ ಕುರಿತು ಒಂದು ಗ್ರಂಥವನ್ನು ಬರೆಯಬೇಕಾಯಿತು. ಮುಂಬಯಿ ಪ್ರಾಂತದ ಕೃಷಿ ಇಲಾಖೆ ಅದನ್ನು ಪ್ರಕಟಿಸಿತು. ಒಂದು ತಲೆಮಾರಿನಲ್ಲಿ ಬಂದ ಸಿರಿ ಅದೇ ತಲೆಮಾರಿನಲ್ಲಿ ಕೆಲವರ ಕೈಬಿಟ್ಟಿತು.

ನಮ್ಮ ರಾಜ್ಯದ ಉದಾಹರಣೆ ತುಂಗಭದ್ರೆಯದು. ಅಣೆಕಟ್ಟು ಏಳುವ ಮೊದಲೇ, ೧೯೩೭ರಲ್ಲಿ, ಸಿರುಗುಪ್ಪದಲ್ಲಿ ಕೃಷಿ ಸಂಶೋಧನ ಕ್ಷೇತ್ರವನ್ನು ತೆರೆದು, ಆ ಭಾಗದ ಎರೆಭೂಮಿಗೆ ನೀರಾವರಿ ಹೊಂದೀತೆ ಎಂದು ಪರೀಕ್ಷಿಸತೊಡಗಿದರು. ೧೯೫೩ರಲ್ಲಿ ಕಾಲುವೆಗೆ ನೀರು ಬಂದಾಗ, ಬಹುಪಾಲು ನೆಲದಲ್ಲಿ ಜೋಳ, ಹತ್ತಿ, ಶೇಂಗಾಗಳಂಥ ಕಡಿಮೆ ನೀರಿನ ಬೆಳೆಗಳನ್ನೇ ಬೆಳೆಯಬೇಕೆಂಬುದು ಯೋಜನೆಯ ಎಣಿಕೆಯಾಗಿತ್ತು. ಆದರೆ ನೀರು ಕಣ್ಣೆದುರಿಗೆ ಹರಿಯುವಾಗ ಯಾರ ಕೈ ತಡೆದೀತು? ಕಾಲುವೆಯ ಮೇಲ್ತುದಿಯಲ್ಲಿ ಎಣಿಕೆ ಮೀರಿ ಭತ್ತ ಹಬ್ಬಿತು. ಕೆಳತುದಿಯವರಿಗೆ ನೀರು ಸಾಲದಾಯಿತು. ಮೇಲ್ತುದಿಯ ತಗ್ಗುಗಳಲ್ಲಿ ಜವಳು ಎದ್ದಿತು, ಸವಳು ಹಬ್ಬಿತು. ಈ ಸವಳು ಭೂಮಿಯ ಸುಧಾರಣೆಗಾಗಿ ಗಂಗಾವತಿಯಲ್ಲಿ ಒಂದು ಸಂಶೋಧನ ಕೇಂದ್ರ ಕೆಲಸ ಮಾಡುತ್ತಿದೆ. ದೇಶದಲ್ಲಿ ಉಪ್ಪು, ಕ್ಷಾರಗಳಿಂದ ಕೆಟ್ಟ ನೆಲ ಸುಮಾರು ೬೭ ಲಕ್ಷ ಹೆಕ್ಟೇರು ಎಂದು ಅಂದಾಜು. ಅದರಲ್ಲಿ ಅರ್ಧಕ್ಕೂ ಮಿಕ್ಕಿ ಕ್ಷಾರದ್ದು. ಕರ್ನಾಟಕದ ಪಾಲು ಸುಮಾರು ಒಂದೂವರೆ ಲಕ್ಷ ಹೆಕ್ಟೇರು. ಇದರಲ್ಲಂತೂ ಬಹುಪಾಲು ಕ್ಷಾರ ಭೂಮಿಯೇ.

ಇನ್ನು ಉಪ್ಪಿಗೂ ಕ್ಷಾರಕ್ಕೂ ಇರುವ ಭೇದವನ್ನು ನೋಡೋಣ. ಉಪ್ಪಿನ ನೆಲದಲ್ಲಿ ಲವಣಗಳು ಮಣ್ಣಿನ ನೀರಿನಲ್ಲಿ ಕರಗಿರುವುವು. ಮಣ್ಣಿನ ಹದ ಕೆಟ್ಟಿರುವುದಿಲ್ಲ. ಬೇರು ನೀರನ್ನು ಹೀರಲಾರದೆ ಬೆಳೆ ಸೊರಗುವುದು, ಅಷ್ಟೆ. ಕ್ಷಾರದ ನೆಲದಲ್ಲಿ ಸೋಡಿಯಂ ಜೇಡಿಯ ಕಣಗಳಿಗೇ ಅಂಟಿಕೊಂಡಿರುವುದು. ಕಣಗಳನ್ನು ಒಟ್ಟುಗೂಡಿಸಿ ಹರಳುಹರಳಾಗಿ ಹಿಡಿದಿಡುವುದು ಕ್ಯಾಲ್ಸಿಯಂನ ಕೆಲಸ. ಬಿಡಿಬಿಡಿಯಾಗಿ ಚದುರಿಸುವುದು ಸೋಡಿಯಂನ ಕೆಲಸ. ಚದುರಿದ ನುಣುಪು ಜೇಡಿ ನೀರಿನೊಡನೆ ಇಳಿದು ಮಣ್ಣಿನ ಸಣ್ಣ ಸಣ್ಣ ರಂಧ್ರಗಳನ್ನೆಲ್ಲ ಮೆತ್ತಿಬಿಡುವುದು. ಅಲ್ಲಿಂದ ಮುಂದೆ ನೀರೂ ಇಳಿಯದು, ಗಾಳಿಯೂ ಆಡದು.

ಹೊಲದಲ್ಲಿ ಇದರ ಗುರುತುಗಳು ಇವು. ಉಪ್ಪಿನ ನೆಲದ ಮೇಲೆ ಬೇಸಗೆಯಲ್ಲಿ ಬಿಳಿಯ ಪುಡಿ ಹೂವಿನಂತೆ ಅರಳುವುದು. ಕಾಲಿಟ್ಟರೆ ಮಣ್ಣು ಮೆತ್ತಗಿರುವುದು. ಕ್ಷಾರದ ನೆಲದಲ್ಲಿ ಬಿಳುಪು ಕಡಿಮೆ. ಅಲ್ಲಲ್ಲಿ ಎಣ್ಣೆ ಚೆಲ್ಲಿದಂತೆ ಕರಿಯ ಕಲೆಗಳು ಕಾಣುವುವು. ಮಣ್ಣಿನ ಸತ್ವವೇ ಕ್ಷಾರದಲ್ಲಿ ಕರಗಿ ಮೇಲೆ ಬಂದು ಒಣಗಿದ್ದು ಅದು. ಮಳೆಯಾದ ಮೇಲೆ ಉಪ್ಪಿನ ನೆಲದಲ್ಲಿ ನಿಂತ ನೀರು ತಿಳಿಯಾಗಿರುವುದು. ಕ್ಷಾರದ ನೆಲದ್ದು ದಿನ ಕಳೆದರೂ ರಾಡಿಯಾಗಿಯೇ ಇರುವುದು. ಹಸಿಯಿದ್ದಾಗ ರಂಟೆಗೆ ಮಣ್ಣು ಮೆತ್ತಿಕೊಳ್ಳುವುದು, ಒಣಗಿದಾಗ ಹೆಂಟೆ ಕಲ್ಲಾಗುವುದು; ಹದವೆಂಬುದು ನಡುವೆ ಒಂದೆರಡು ದಿನ ಸಿಕ್ಕರೆ ಸಿಕ್ಕಿತು. ಬೀಜ ಮೊಳೆತರೂ ಮೇಲಿನ ಹೆಪ್ಪನ್ನು ಒಡೆದು ಏಳಲಾರದು. ಎದ್ದದ್ದು ಹಳದಿ ತಿರುಗುವುದು. ಹೊಲವೆಲ್ಲ ಒಂದೇ ಸಮನಾಗಿ ಕೆಡದೆ ತೇಪೆತೇಪೆಯಾಗಿ ಕೆಡುವುದೂ ಇದರ ಒಂದು ಲಕ್ಷಣ.

ಮನೆಯಲ್ಲಿಯೇ ಮಾಡಬಹುದಾದ ಒಂದು ಪರೀಕ್ಷೆಯುಂಟು. ಗಾಜಿನ ಲೋಟದಲ್ಲಿ ಹಿಡಿದಿಟ್ಟ ಮಳೆನೀರನ್ನು ತೆಗೆದುಕೊಳ್ಳಿ. ಒಣಗಿದ ಹೆಂಟೆಯಿಂದ ಕಡಲೆಕಾಳಿನಷ್ಟು ಚೂರನ್ನು ಮೆಲ್ಲಗೆ ಅದರಲ್ಲಿ ಬಿಡಿ. ಕಲಕಬೇಡಿ, ಅಲುಗಾಡಿಸಬೇಡಿ. ಚೂರು ಕುಸಿದು ತಳದಲ್ಲಿ ಪುಡಿಯಾಗಿ ಕುಳಿತು, ಮೇಲಿನ ನೀರು ತಿಳಿಯಾಗಿ ಉಳಿದರೆ ಹೆದರಬೇಕಾಗಿಲ್ಲ. ಎರೆಮಣ್ಣು ಕುಸಿಯುವುದು ಸಹಜ. ಆದರೆ ಚೂರಿನ ಸುತ್ತ ಹಾಲಿನಂತೆ ಮಂಜು ಎದ್ದು, ಮರುದಿನವೂ ಆ ಮಬ್ಬು ಇಳಿಯದಿದ್ದರೆ ಸೋಡಿಯಂ ಇದೆಯೆಂದು ತಿಳಿಯಿರಿ. ಇಲ್ಲಿ ಒಂದು ಎಚ್ಚರಿಕೆ. ಉಪ್ಪೂ ಸೋಡಿಯಮ್ಮೂ ಎರಡೂ ಕೂಡಿದ ಮಣ್ಣಿನಲ್ಲಿ ಉಪ್ಪಿನ ಬಲದಿಂದ ಜೇಡಿ ಚದುರದೆ ಇರಬಹುದು. ಅಂಥ ನೆಲವನ್ನು ಬರಿಯ ಉಪ್ಪಿನದೆಂದು ಭ್ರಮಿಸಿ ನೀರು ಕಟ್ಟಿ ತೊಳೆದರೆ, ಉಪ್ಪು ಹೋಗುವುದು, ಸೋಡಿಯಂ ಉಳಿಯುವುದು, ನೆಲ ಮುಚ್ಚಿಕೊಳ್ಳುವುದು. ರೋಗಕ್ಕಿಂತ ಮದ್ದೇ ಕೇಡು ಮಾಡಿದ ಹಾಗಾಗುವುದು. ಆದುದರಿಂದ ಮನೆಯ ಪರೀಕ್ಷೆ ಸೂಚನೆ ಮಾತ್ರ. ತೀರ್ಪನ್ನು ಪ್ರಯೋಗಶಾಲೆಯಿಂದಲೇ ಪಡೆಯಬೇಕು.

ಪ್ರಯೋಗಶಾಲೆಯವರು ಮೂರು ಅಂಕಿಗಳನ್ನು ನೋಡುವರು. ಮೊದಲನೆಯದು ರಸಸಾರ. ೭ ಎಂದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ, ೮.೫ ದಾಟಿದರೆ ಕ್ಷಾರದ ಶಂಕೆ. ಎರಡನೆಯದು ಮಣ್ಣಿನ ತಿಳಿಯ ವಿದ್ಯುದ್ವಾಹಕತೆ. ಇದು ಕರಗಿದ ಲವಣದ ಅಳತೆ. ೪ ದಾಟಿದರೆ ಉಪ್ಪಿನ ನೆಲ. ಮೂರನೆಯದು, ಜೇಡಿಗೆ ಅಂಟಿದ ಧಾತುಗಳಲ್ಲಿ ಸೋಡಿಯಂ ನೂರಕ್ಕೆ ಎಷ್ಟು ಪಾಲು ಎಂಬುದು. ಇದು ೧೫ ದಾಟಿದರೆ ಕ್ಷಾರ ಭೂಮಿಯೆಂದು ಅಮೆರಿಕದ ಲವಣ ಪ್ರಯೋಗಶಾಲೆ ೧೯೫೪ರಲ್ಲಿ ಗೆರೆ ಎಳೆಯಿತು. ನಮ್ಮ ಎರೆಮಣ್ಣಿಗೆ ಆ ಗೆರೆ ಸಡಿಲವಾಯಿತು. ಉಬ್ಬುವ ಜೇಡಿ ಹೆಚ್ಚಾಗಿರುವ ಮಣ್ಣಿನಲ್ಲಿ ಸೋಡಿಯಂ ಐದಾರು ಪಾಲಿಗೆ ಬಂದಾಗಲೇ ನೀರು ಇಳಿಯುವುದು ಕುಗ್ಗತೊಡಗುವುದೆಂದು ನಮ್ಮ ದೇಶದ ಎರೆಭೂಮಿಗಳಲ್ಲಿಯೇ ಕಂಡುಬಂದಿದೆ. ೨೦೧೫ರಿಂದ ಕೊಡುತ್ತಿರುವ ಮಣ್ಣಿನ ಆರೋಗ್ಯ ಚೀಟಿಯಲ್ಲಿ ಹನ್ನೆರಡು ಅಂಶಗಳಿರುವುವು. ರಸಸಾರವೂ ವಿದ್ಯುದ್ವಾಹಕತೆಯೂ ಅದರಲ್ಲಿ ಸೇರಿವೆ. ಆದರೆ ಸೋಡಿಯಂ ಪಾಲು ಅದರಲ್ಲಿಲ್ಲ. ಚೀಟಿಯಲ್ಲಿ ಎಲ್ಲವೂ ಸರಿಯಾಗಿದೆ, ಆದರೂ ಬೆಳೆ ಏಳದು ಎಂದು ತಬ್ಬಿಬ್ಬಾಗುವ ಬದಲು, ಸೋಡಿಯಂ ಪಾಲನ್ನೂ ಜಿಪ್ಸಂ ಎಷ್ಟು ಬೇಕೆಂಬುದನ್ನೂ ಬೇರೆಯಾಗಿ ಕೇಳಿ ಪರೀಕ್ಷೆ ಮಾಡಿಸಿರಿ.

ಮಣ್ಣಿನಂತೆಯೇ ಬಾವಿಯ ನೀರನ್ನೂ ಪರೀಕ್ಷಿಸಬೇಕು. ತೊಗರಿಬೇಳೆ ಬೇಗ ಬೇಯುವ, ಸಾಬೂನು ಚೆನ್ನಾಗಿ ನೊರೆ ಬರುವ ನೀರನ್ನು ನಮ್ಮ ಹೆಣ್ಣುಮಕ್ಕಳು ಮೆದು ನೀರೆಂದು ಮೆಚ್ಚುವರು. ಅಡುಗೆಗೆ ಅದು ಒಳ್ಳೆಯದೇ. ಆದರೆ ನೀರು ಮೆದುವಾಗಲು ಎರಡು ಕಾರಣಗಳಿರಬಹುದು. ಲವಣವೇ ಕಡಿಮೆಯಿರುವುದು ಒಂದು. ಕ್ಯಾಲ್ಸಿಯಂ ಇಲ್ಲದೆ ಸೋಡಾ ತುಂಬಿರುವುದು ಇನ್ನೊಂದು. ಎರಡನೆಯದಾದರೆ ಆ ನೀರು ಬೇಳೆಗೆ ಹಿತ, ನೆಲಕ್ಕೆ ವಿಷ. ಪ್ರಯೋಗಶಾಲೆಯವರು ಇದನ್ನು ಉಳಿಕೆ ಸೋಡಿಯಂ ಕಾರ್ಬೊನೇಟ್ ಎಂಬ ಹೆಸರಿನಿಂದ ಅಳೆಯುವರು. ಅದು ಲೀಟರಿಗೆ ೧.೨೫ ಮಿಲಿ ಈಕ್ವಿವಲೆಂಟ್ ಒಳಗಿದ್ದರೆ ನಿರ್ಭಯ, ೨.೫ ದಾಟಿದರೆ ಆ ನೀರನ್ನು ಹಾಗೆಯೇ ಹಾಯಿಸಬಾರದು.

ಈಗ ಮದ್ದಿನ ಮಾತು. ಮೊದಲನೆಯ ಮದ್ದು ಚೀಲದಲ್ಲಿ ಸಿಗತಕ್ಕದ್ದಲ್ಲ. ಅದು ಬಸಿಗಾಲುವೆ. ಹೊಲದ ತಗ್ಗಿನ ಬದಿಯಲ್ಲಿ ಕಾಲುವೆ ತೋಡಿ, ಅದು ಹಳ್ಳಕ್ಕೆ ಸೇರುವಂತೆ ಮಾಡದೆ ಹೋದರೆ ಉಳಿದ ಎಲ್ಲ ಖರ್ಚೂ ವ್ಯರ್ಥ. ಬಸಿಗಾಲುವೆಯ ಕಷ್ಟವೆಂದರೆ ಅದು ಒಬ್ಬನ ಹೊಲದಲ್ಲಿ ಮುಗಿಯುವುದಿಲ್ಲ. ಮೇಲಿನ ಮೆಟ್ಟಿಲಿನವನು ಕಬ್ಬಿಗೆ ಹಾಯಿಸಿದ ಹೆಚ್ಚಿನ ನೀರು ನೆಲದೊಳಗೇ ಹರಿದು ಕೆಳಗಿನ ಮೆಟ್ಟಿಲಿನವನ ಹೊಲದಲ್ಲಿ ಏಳುವುದು. ಬೆಳೆ ಒಬ್ಬನದು, ಸವಳು ಇನ್ನೊಬ್ಬನದು. ಕೆಳಗಿನವನು ಹೊಲವನ್ನು ಪಡ ಬಿಟ್ಟು ಕೂಲಿಗೆ ಹೋಗಬೇಕಾಗಿ ಬರುವುದೂ ಉಂಟು. ಮೇಲಿನವನಿಗೆ ಇದು ತನ್ನಿಂದಾಯಿತೆಂದು ತಿಳಿಯುವುದೇ ಇಲ್ಲ, ತಿಳಿಸಹೋದರೆ ಜಗಳ. ಅಷ್ಟರಲ್ಲಿ ನೀರಿನ ಮಟ್ಟ ಏರುತ್ತ ಏರುತ್ತ ಮೇಲಿನ ಮೆಟ್ಟಿಲಿಗೂ ಬರುವುದು. ಆದುದರಿಂದ ಹಳ್ಳದ ಹೂಳು ತೆಗೆಯುವುದು, ಬಸಿಗಾಲುವೆಗೆ ದಾರಿ ಬಿಡುವುದು, ಇವು ನೆರೆಹೊರೆಯವರೆಲ್ಲ ಒಟ್ಟಿಗೆ ಕುಳಿತು ತೀರ್ಮಾನಿಸಬೇಕಾದ ಕೆಲಸಗಳು. ಬೆಳಗಾವಿ ಜಿಲ್ಲೆಯಲ್ಲಿ ಕೃಷ್ಣೆಯ ದಂಡೆಯ ಉಗಾರ ಖುರ್ದದ ಕಬ್ಬಿನ ಎರೆಭೂಮಿಯಲ್ಲಿ ರಂಧ್ರವುಳ್ಳ ಕೊಳವೆಗಳನ್ನು ನೆಲದೊಳಗೆ ಹಾಸಿ ನೀರು ಬಸಿಯುವ ವ್ಯವಸ್ಥೆ ಮಾಡಿದ್ದಾರೆ. ಇಂಥದು ಒಬ್ಬಿಬ್ಬರಿಂದ ಆಗತಕ್ಕದ್ದಲ್ಲ. ಊರು ಕೂಡಿದರೆ ಆಗುವುದು.

ಎರಡನೆಯ ಮದ್ದು ಜಿಪ್ಸಂ. ಸುಮಾರು ೧೮೮೦ರ ಹೊತ್ತಿಗೇ ಕ್ಯಾಲಿಫೋರ್ನಿಯದಲ್ಲಿ ಹಿಲ್ಗಾರ್ಡ್ ಎಂಬ ವಿಜ್ಞಾನಿ ಕರಿ ಕ್ಷಾರದ ನೆಲಕ್ಕೆ ಇದನ್ನು ಸೂಚಿಸಿದ್ದನು. ಇಂದಿಗೂ ಇದಕ್ಕಿಂತ ಅಗ್ಗವಾದ ಮದ್ದು ಸಿಕ್ಕಿಲ್ಲ. ಜಿಪ್ಸಂನಲ್ಲಿರುವ ಕ್ಯಾಲ್ಸಿಯಂ ಜೇಡಿಗೆ ಅಂಟಿದ ಸೋಡಿಯಮ್ಮನ್ನು ತಳ್ಳಿ ಅದರ ಜಾಗದಲ್ಲಿ ಕುಳಿತುಕೊಳ್ಳುವುದು. ಬಿಡುಗಡೆಯಾದ ಸೋಡಿಯಂ ಗಂಧಕದೊಡನೆ ಸೇರಿ ಸುಲಭವಾಗಿ ಕರಗುವ ಲವಣವಾಗಿ ಬಸಿನೀರಿನೊಡನೆ ಹೊರಗೆ ಹೋಗುವುದು. ಹೋಗಲು ದಾರಿ ಮೊದಲೇ ಇರಬೇಕೆಂದದ್ದು ಇದಕ್ಕಾಗಿ. ನೆಲದಲ್ಲಿ ಸುಣ್ಣದ ಹರಳಿದೆಯಲ್ಲ, ಅದೇ ಸಾಲದೆ ಎಂದರೆ, ಸಾಲದು. ಕ್ಷಾರದಲ್ಲಿ ಸುಣ್ಣ ಕರಗುವುದಿಲ್ಲ. ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಹಾಕುವುದನ್ನು ಕೇಳಿ ಕ್ಷಾರದ ಎರೆಗೂ ಸುಣ್ಣ ಹಾಕಿದರೆ ಹಣ ಮಣ್ಣುಪಾಲಾದಂತೆಯೇ ಸರಿ.

ಎಷ್ಟು ಜಿಪ್ಸಂ ಬೇಕು? ಸಾಧಾರಣ ಎರೆಮಣ್ಣಿನಲ್ಲಿ ಸೋಡಿಯಮ್ಮನ್ನು ೨೦ ಪಾಲಿನಿಂದ ೫ ಪಾಲಿಗೆ ಇಳಿಸಬೇಕಾದರೆ, ಮೇಲಿನ ಅರ್ಧ ಅಡಿ ಮಣ್ಣಿಗೆ ಎಕರೆಗೆ ಸುಮಾರು ನಾಲ್ಕೂವರೆ ಟನ್ನು ಶುದ್ಧ ಜಿಪ್ಸಂ ಬೇಕಾಗುವುದು. ಪೇಟೆಯ ಜಿಪ್ಸಂ ಪೂರ್ತಿ ಶುದ್ಧವಿರುವುದಿಲ್ಲವಾದುದರಿಂದ ಆ ಲೆಕ್ಕಕ್ಕೆ ತಕ್ಕಂತೆ ಹೆಚ್ಚಿಸಬೇಕು. ಎರಡು ಚೀಲ ಎರಚಿ, ಗುಣ ಕಾಣಲಿಲ್ಲ ಎಂದು ಬಿಟ್ಟವರು ಈ ಲೆಕ್ಕವನ್ನು ನೋಡಿದರೆ ಕಾರಣ ತಾನೇ ತಿಳಿಯುವುದು. ಇನ್ನೊಂದು ಲೆಕ್ಕವೂ ಉಂಟು. ಒಂದು ಲೀಟರ್ ನೀರಿನಲ್ಲಿ ಕರಗುವ ಜಿಪ್ಸಂ ಸುಮಾರು ಎರಡೂವರೆ ಗ್ರಾಂ. ಎಂದರೆ ಎಕರೆಗೆ ಹಾಕಿದ ಒಂದು ಟನ್ನು ಕರಗಲು ಬರಿಯ ನೀರಿನಲ್ಲಾದರೆ ೧೦ ಸೆಂಟಿಮೀಟರ್ ಆಳದಷ್ಟು ನೀರು ಬೇಕು. ಬೀದರ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು ೮೫೦ ಮಿಲಿಮೀಟರ್ ಮಳೆಯಾಗುವುದು. ಬಳ್ಳಾರಿ, ರಾಯಚೂರುಗಳವರಿಗಿಂತ ನಿಮಗೆ ಇದೊಂದು ಅನುಕೂಲ. ಆದುದರಿಂದ ಬೇಸಗೆಯಲ್ಲಿ ಹೊಲ ಸಮ ಮಾಡಿ, ಬದು ಹಾಕಿ, ನುಣ್ಣಗಿನ ಜಿಪ್ಸಮ್ಮನ್ನು ಎರಚಿ, ಕುಂಟೆ ಹೊಡೆದು ಮೇಲಿನ ನಾಲ್ಕು ಅಂಗುಲದಲ್ಲಿ ಬೆರೆಸಿ, ಮಳೆಗಾಗಿ ಕಾಯಿರಿ. ಆಳವಾಗಿ ನೇಗಿಲು ಹೊಡೆದು ಕೆಳಗಿನ ಕ್ಷಾರದ ಮಣ್ಣನ್ನು ಮೇಲೆ ತರಬೇಡಿ. ಹಣ ಸಾಲದಿದ್ದರೆ ಇಡೀ ಹೊಲಕ್ಕೆ ಅಷ್ಟಷ್ಟು ಎರಚುವುದಕ್ಕಿಂತ, ಪ್ರತಿವರ್ಷ ಒಂದೊಂದು ತುಂಡಿಗೆ ಪೂರ್ತಿ ಹಾಕುತ್ತ ಹೋಗುವುದು ಮೇಲು.

ಮೂರನೆಯದು ಜೀವಸತ್ವ. ಕೊಟ್ಟಿಗೆ ಗೊಬ್ಬರವಾಗಲಿ, ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಆಗಲಿ ಮಣ್ಣನ್ನು ಸಡಿಲಿಸುವುದು. ಜಿಪ್ಸಂ ಹಾಕಿದ ವರ್ಷ ಡಯಂಚ ಬಿತ್ತಿ, ಹೂವಾಡುವ ಮೊದಲೇ ಮಣ್ಣಿನಲ್ಲಿ ಮಗುಚಿರಿ. ಕ್ಷಾರವನ್ನೂ ಜವಳನ್ನೂ ತಾಳಿ ಬೆಳೆಯುವ ಗಿಡ ಅದು. ಬೇರುಗಳು ಉಸಿರಾಡುವಾಗಲೂ ಸೊಪ್ಪು ಕೊಳೆಯುವಾಗಲೂ ಹುಟ್ಟುವ ಇಂಗಾಲಾಮ್ಲವು, ಕರಗದೆ ಕುಳಿತ ಸುಣ್ಣವನ್ನು ಸ್ವಲ್ಪ ಸ್ವಲ್ಪವಾಗಿ ಕರಗಿಸುವುದು. ಹರಳಿನಲ್ಲಿ ಸೆರೆಯಾದ ಕ್ಯಾಲ್ಸಿಯಂ ಹೀಗೆ ನಿಮ್ಮ ಕೆಲಸಕ್ಕೆ ಬರುವುದು.

ನಾಲ್ಕನೆಯದು ಬೆಳೆಯ ಆಯ್ಕೆ. ಹೆಸರು, ಉದ್ದು, ತೊಗರಿ, ಕಡಲೆಗಳು ಕ್ಷಾರವನ್ನಾಗಲಿ ಉಪ್ಪನ್ನಾಗಲಿ ತಾಳಲಾರವು. ನೆಲ ಸುಧಾರಿಸುವವರೆಗೆ ಅವುಗಳ ಆಸೆ ಬಿಡಬೇಕು. ಕಬ್ಬೂ ಉಪ್ಪಿಗೆ ಬೇಗ ಸೋಲುವ ಬೆಳೆಯೇ. ಹತ್ತಿ, ಜೋಳ, ಗೋಧಿಗಳು ಹೆಚ್ಚು ಗಟ್ಟಿ. ಭತ್ತ ಕ್ಷಾರವನ್ನು ತಾಳುವುದಾದರೂ, ನೀರು ಬಸಿಯದ ಎರೆಯಲ್ಲಿ ವರ್ಷವರ್ಷವೂ ಭತ್ತ ಕಟ್ಟಿದರೆ ಜವಳನ್ನು ಕರೆದು ಕೂರಿಸಿಕೊಂಡಂತೆ. ಕ್ಷಾರದ ಮಣ್ಣಿನಲ್ಲಿ ಯೂರಿಯಾದ ಸಾರಜನಕ ಆವಿಯಾಗಿ ಹಾರುವುದು. ಮೇಲೆ ಚೆಲ್ಲದೆ ಮಣ್ಣಿನಲ್ಲಿ ಮುಚ್ಚಿ ಕೊಡಿರಿ, ಇಲ್ಲವೆ ಅಮೋನಿಯಂ ಸಲ್ಫೇಟ್ ಬಳಸಿರಿ. ಸತುವೂ ಕಬ್ಬಿಣವೂ ಮಣ್ಣಿನಲ್ಲಿದ್ದರೂ ಗಿಡಕ್ಕೆ ದೊರೆಯುವುದಿಲ್ಲ. ಎಕರೆಗೆ ೧೦ ಕಿಲೋ ಸತುವಿನ ಸಲ್ಫೇಟ್ ಕೊಡುವುದು ರೂಢಿಯಲ್ಲಿರುವ ಸಲಹೆ.

ಕೆಟ್ಟ ನೆಲವನ್ನು ಸರಿಪಡಿಸಲು ಮೂರು ನಾಲ್ಕು ವರ್ಷದ ತಾಳ್ಮೆಯೂ ಒಳ್ಳೆಯ ಮೊತ್ತದ ಹಣವೂ ಬೇಕು. ಕೆಡದಂತೆ ನೋಡಿಕೊಳ್ಳಲು ಬೇಕಾದುದು ಬರಿಯ ಎಚ್ಚರಿಕೆ. ನಿಮ್ಮ ಹೊಲ ಹಳ್ಳದ ದಂಡೆಯದಾಗಿದ್ದು, ನೀರಾವರಿ ಬಂದು ಹತ್ತು ವರ್ಷವಾಗಿದ್ದರೆ, ತೆರೆದ ಬಾವಿಯಲ್ಲಿ ನೀರಿನ ಮಟ್ಟವನ್ನು ತಿಂಗಳಿಗೊಮ್ಮೆ ಹಗ್ಗ ಬಿಟ್ಟು ಅಳೆದು ಬರೆದಿಡಿರಿ. ಬೇಸಗೆಯಲ್ಲಿಯೂ ಅದು ಇಳಿಯದೆ ವರ್ಷವರ್ಷಕ್ಕೆ ಮೇಲೇರುತ್ತಿದ್ದರೆ, ನೀರು ತುಂಬಿತೆಂದು ಹಿಗ್ಗುವ ಮೊದಲು ಬಸಿಗಾಲುವೆಯ ಕಡೆಗೆ ನೋಡಿರಿ. ಕಬ್ಬಿಗೆ ಸಾಲು ಬಿಟ್ಟು ಸಾಲು ನೀರು ಕೊಡುವುದು, ಹನಿ ನೀರಾವರಿಯನ್ನು ಹಾಕುವುದು, ಕಬ್ಬಿನ ನಡುವೆ ಒಂದೆರಡು ವರ್ಷ ಒಣ ಬೆಳೆಯನ್ನು ತೆಗೆಯುವುದು, ಇವು ನೀರಿನ ಉಳಿತಾಯ ಮಾತ್ರವಲ್ಲ, ನೆಲದ ಉಳಿತಾಯವೂ ಹೌದು. ಆದರೆ ಹನಿ ನೀರಾವರಿ ಇದ್ದ ಮಾತ್ರಕ್ಕೆ ಬಸಿಗಾಲುವೆ ಬೇಡವೆಂದಲ್ಲ. ಹನಿಯೊಡನೆ ಬಂದ ಲವಣವೂ ಹೊರಗೆ ಹೋಗಲೇಬೇಕು.

ಈ ಬೇಸಗೆಯಲ್ಲಿ, ಬೆಳೆ ಕಟಾವಾದ ಮೇಲೆ, ಒಂದು ಕೆಲಸ ಮಾಡಿರಿ. ಹೊಲದಲ್ಲಿ ಬೆಳೆ ಚೆನ್ನಾಗಿ ಬಂದ ಕಡೆ ಒಂದು, ಸೊರಗಿದ ಕಡೆ ಒಂದು, ಹೀಗೆ ಎರಡು ಗುಂಡ ತೋಡಿರಿ. ಪ್ರತಿಯೊಂದರಲ್ಲಿಯೂ ಮೇಲಿನ ಅರ್ಧ ಅಡಿಯ ಮಣ್ಣನ್ನು ಬೇರೆ, ಎರಡು ಅಡಿ ಆಳದ ಮಣ್ಣನ್ನು ಬೇರೆ ತೆಗೆದು, ನೆರಳಿನಲ್ಲಿ ಒಣಗಿಸಿ, ಬಟ್ಟೆಯ ಚೀಲದಲ್ಲಿ ಕಟ್ಟಿ, ಚೀಟಿ ಬರೆದು ಹಚ್ಚಿರಿ. ಜೊತೆಗೆ ಒಂದು ಶುಭ್ರವಾದ ಸೀಸೆಯಲ್ಲಿ ಬಾವಿಯ ನೀರು. ಬೀದರಿನ ಬಳಿಯ ಜನವಾಡದ ಕೃಷಿ ವಿಜ್ಞಾನ ಕೇಂದ್ರದವರನ್ನಾಗಲಿ, ನಿಮ್ಮ ರೈತ ಸಂಪರ್ಕ ಕೇಂದ್ರದವರನ್ನಾಗಲಿ ಕಂಡು, ಸೋಡಿಯಂ ಪಾಲು ಎಷ್ಟು, ಜಿಪ್ಸಂ ಎಷ್ಟು ಬೇಕು, ಪರೀಕ್ಷೆ ಎಲ್ಲಿ ಆಗುವುದು ಎಂದು ಕೇಳಿರಿ. ಹೋಗುವಾಗ ಕೆಳಗಿನ ಹೊಲದವರನ್ನೂ ಮೇಲಿನ ಹೊಲದವರನ್ನೂ ಜೊತೆಗೆ ಕರೆದುಕೊಂಡು ಹೋಗಿರಿ. ಮೂವರ ಮಣ್ಣೂ ಒಂದೇ ದಿನ ಪರೀಕ್ಷೆಗೆ ಹೋದರೆ, ಬಸಿಗಾಲುವೆಯ ಮಾತು ಜಗಳವಿಲ್ಲದೆ ತಾನಾಗಿಯೇ ಮುಂದೆ ಬರುವುದು.